ಎರಡು ಬೆರಳು, ಒಂದು ಗೇಣು, ಒಂದು ಮೊಳ: ಮನೆಯ ಗೆಕ್ಕೋ ಚಿತ್ರಕ್ಕೆ ಯಾವ ಸಲಕರಣೆ?

ನಮ್ಮ ಮನೆಯ ಹುಣಸೆಗೆ ಬಾಲವಿಲ್ಲ. ಹುಣಸೆ ಎಂದರೆ ನಾವು ಸಾಕಿರುವ ಕ್ರೆಸ್ಟೆಡ್ ಗೆಕ್ಕೋ, ಹಲ್ಲಿಯ ಬಳಗದ ಪ್ರಾಣಿ. ಮೈಬಣ್ಣ ಹಳೆಯ ಹುಣಸೆಹಣ್ಣಿನದು, ಅದಕ್ಕೇ ಆ ಹೆಸರು. ನಾಲ್ಕು ವರ್ಷಗಳ ಹಿಂದೆ, ಅದು ಮನೆಗೆ ಬಂದ ಎರಡನೆಯ ವಾರ, ಕಣ್ಣಿನ ಮೇಲಿರುವ ಸಣ್ಣ ಸಣ್ಣ ಮುಳ್ಳುಗಳ ಸಾಲು ಚೆನ್ನಾಗಿ ಕಾಣಲಿ ಎಂದು ನಾನು ಫೋನನ್ನು ಎರಡು ಬೆರಳಿನಷ್ಟು ಹತ್ತಿರಕ್ಕೆ ಒಯ್ದೆ. ಹಿಂದೆ ಗಾಜು, ಪಕ್ಕದಲ್ಲಿ ಮರದ ತೊಗಟೆ, ಮುಂದೆ ನನ್ನ ಫೋನು. ಅದಕ್ಕೆ ಓಡಲು ದಾರಿಯೇ ಇರಲಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಬಾಲ ಕಳಚಿ ಬಿತ್ತು. ಬಿದ್ದ ಮೇಲೂ ಸ್ವಲ್ಪ ಹೊತ್ತು ಹೊರಳಾಡುತ್ತಲೇ ಇತ್ತು. ಗೋಡೆಯ ಹಲ್ಲಿಗೆ ಬಾಲ ಮತ್ತೆ ಬೆಳೆಯುತ್ತದೆ, ಲೆಪರ್ಡ್ ಗೆಕ್ಕೋಗೂ ಬೆಳೆಯುತ್ತದೆ. ಕ್ರೆಸ್ಟೆಡ್ ಗೆಕ್ಕೋಗೆ ಬೆಳೆಯುವುದಿಲ್ಲ. ಆ ಚಿತ್ರ ಈಗಲೂ ನನ್ನ ಬಳಿ ಇದೆ, ಕಣ್ಣು ಸ್ಪಷ್ಟವಾಗಿಯೇ ಬಂದಿದೆ. ಅದನ್ನು ಯಾರಿಗೂ ತೋರಿಸಿಲ್ಲ.

ಹಾಗಾಗಿ ಯಾವ ಕ್ಯಾಮೆರಾ, ಯಾವ ಲೆನ್ಸ್ ಎಂದು ಸ್ನೇಹಿತರು ಕೇಳಿದಾಗ ನಾನು ಮೊದಲು ದೂರದ ಮಾತು ಎತ್ತುತ್ತೇನೆ. ಎಷ್ಟು ದೂರದಲ್ಲಿ ನಿಂತರೆ ಪ್ರಾಣಿ ತನ್ನ ಪಾಡಿಗೆ ತಾನಿರುತ್ತದೆ? ಆ ದೂರದಿಂದ ಚಿತ್ರ ತೆಗೆಯಬಲ್ಲ ಸಲಕರಣೆ ಯಾವುದು? ಅದಕ್ಕೆ ಬೆಳಕು ಎಲ್ಲಿಂದ? ಈ ಕ್ರಮದಲ್ಲಿ ಯೋಚಿಸಿದರೆ ಖರ್ಚೂ ಕಡಿಮೆಯಾಗುತ್ತದೆ, ಹೆಚ್ಚಿನ ಆಯ್ಕೆಗಳು ತಾವಾಗಿಯೇ ಉದುರಿಹೋಗುತ್ತವೆ.

ಎದುರಿಗಿರುವುದು ಯಾವ ಗೆಕ್ಕೋ?

ನಾವಿರುವುದು ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ, ಡಾಲಸ್ ಪಕ್ಕದ ಊರಿನಲ್ಲಿ. ಹುಣಸೆಯ ಜೊತೆಗೆ ಬೆಲ್ಲ ಎಂಬ ಲೆಪರ್ಡ್ ಗೆಕ್ಕೋ ಇದೆ. ಎರಡೂ ಹಲ್ಲಿಯ ಬಳಗವೇ. ಆದರೆ ಕ್ಯಾಮೆರಾದ ಮುಂದೆ ಒಂದಕ್ಕೂ ಇನ್ನೊಂದಕ್ಕೂ ಹೋಲಿಕೆಯೇ ಇಲ್ಲ.

ಲೆಪರ್ಡ್ ಗೆಕ್ಕೋ ಅಫ್ಘಾನಿಸ್ತಾನ, ಪಾಕಿಸ್ತಾನ, ವಾಯವ್ಯ ಭಾರತದ ಒಣ ಕಲ್ಲುನೆಲದ ಪ್ರಾಣಿ. ಬೆರಳಿನಲ್ಲಿ ಉಗುರಿದೆಯೇ ಹೊರತು ಗೋಡೆಗೆ ಅಂಟುವ ಪಟ್ಟಿಗಳಿಲ್ಲ. ನೆಲದ ಮೇಲೆಯೇ ನಡೆಯುತ್ತದೆ, ನಡೆಯುವಾಗಲೂ ಒಂದೊಂದೇ ಹೆಜ್ಜೆ ಅಳೆದಿಡುತ್ತದೆ. ಅದಕ್ಕೆ ರೆಪ್ಪೆಯೂ ಇದೆ. ಹಾಸನದಿಂದ ಬಂದಿದ್ದ ಅಮ್ಮ ಮೊದಲ ದಿನ ಬೆಲ್ಲನ ಹತ್ತಿರಕ್ಕೇ ಹೋಗಿರಲಿಲ್ಲ. ಮೂರನೆಯ ದಿನ ನಾನು ತೆಗೆದ ಚಿತ್ರವನ್ನು ದೊಡ್ಡದು ಮಾಡಿ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ನೋಡಿದವರು, ‘ಇದೇನಪ್ಪ, ಹಲ್ಲಿ ಕಣ್ಣು ಮುಚ್ಚಿಕೊಂಡು ಮಲಗಿದೆಯಲ್ಲ!’ ಎಂದರು. ಜೀವನವಿಡೀ ಗೋಡೆಯ ಹಲ್ಲಿಗಳನ್ನು ಕಂಡವರಿಗೆ ಅದು ಹೊಸತು. ನಮ್ಮ ಮನೆಹಲ್ಲಿಗೆ ಮುಚ್ಚುವ ರೆಪ್ಪೆಯೇ ಇಲ್ಲ. ಅಂದಿನಿಂದ ಊರಿಗೆ ಹೊರಡುವವರೆಗೂ ಸಂಜೆ ಬೆಲ್ಲನ ಪೆಟ್ಟಿಗೆಯ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು.

ಕ್ರೆಸ್ಟೆಡ್ ಗೆಕ್ಕೋ ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾದ್ದು. ಅಳಿದೇಹೋಯಿತು ಎಂದುಕೊಂಡಿದ್ದ ಈ ಜಾತಿ ಮತ್ತೆ ಕಣ್ಣಿಗೆ ಬಿದ್ದದ್ದು 1994ರಲ್ಲಿ. ಮರದ ಮೇಲಿನ ಬದುಕು, ಅಂಟುವ ಪಾದ, ಯಾವ ಸೂಚನೆಯೂ ಇಲ್ಲದೆ ಚಂಗನೆ ಹಾರುವ ಗುಣ. ರೆಪ್ಪೆಯಿಲ್ಲ, ಕಣ್ಣಿಗೆ ಧೂಳು ಕೂತರೆ ನಾಲಗೆಯಿಂದಲೇ ಒರೆಸಿಕೊಳ್ಳುತ್ತದೆ.

ಇದರಿಂದ ಚಿತ್ರ ತೆಗೆಯುವವರಿಗೆ ಏನು ವ್ಯತ್ಯಾಸ? ಲೆಪರ್ಡ್ ಗೆಕ್ಕೋವನ್ನು ಹತ್ತು ನಿಮಿಷ ಮೇಜಿನ ಮೇಲೆ ಬಿಡಬಹುದು. ಕ್ರೆಸ್ಟೆಡ್ ಗೆಕ್ಕೋವನ್ನು ಅದರ ಗೂಡಿನಲ್ಲೇ, ತೆರೆದ ಬಾಗಿಲಿನ ಮೂಲಕ ಅಥವಾ ಗಾಜಿನ ಮೂಲಕ ತೆಗೆಯುವುದೇ ಲೇಸು. ಮಡಗಾಸ್ಕರ್ ಮೂಲದ ಹಸಿರು ಡೇ ಗೆಕ್ಕೋ ಸಾಕಿರುವವರಿಗಂತೂ ಗಾಜಿನ ಮೂಲಕ ಎಂಬುದೊಂದೇ ದಾರಿ. ಅದರ ಚರ್ಮ ಹಿಡಿದರೆ ಕಿತ್ತು ಬರುವಷ್ಟು ತೆಳು, ಓಟ ಮಿಂಚಿನಂಥದ್ದು.

ಯಾವ ಗೆಕ್ಕೋ ಆದರೂ ಪೊರೆ ಬಿಡುವ ದಿನಗಳಲ್ಲಿ ಮುಟ್ಟಬಾರದು. ಬೆಲ್ಲ ಸುಣ್ಣ ಬಳಿದಂತೆ ಬಿಳಿಚಿಕೊಂಡರೆ ನನ್ನ ಕ್ಯಾಮೆರಾ ಚೀಲದೊಳಗೇ ಇರುತ್ತದೆ.

ಎರಡು ಬೆರಳಿನ ದೂರ: ಫೋನಿನ ಮ್ಯಾಕ್ರೊ

ಈಚಿನ ಫೋನುಗಳ ಮ್ಯಾಕ್ರೊ ಸೌಲಭ್ಯ ಎರಡು–ಮೂರು ಸೆಂಟಿಮೀಟರಿನಿಂದ ಚಿತ್ರ ತೆಗೆಯುತ್ತದೆ. ಹೂವಿಗೆ, ನಾಣ್ಯಕ್ಕೆ ಅದು ಬಹಳ ಚೆಂದ. ಗೆಕ್ಕೋಗೆ ಬೇಡ. ಬಾಲದ ಕಥೆ ಹೇಳಿಯಾಯಿತು. ಚಿತ್ರದ ದೃಷ್ಟಿಯಿಂದಲೂ ಅದು ಕೆಟ್ಟ ಆಯ್ಕೆಯೇ. ಅಷ್ಟು ಹತ್ತಿರದಲ್ಲಿ ಫೋನಿನ ನೆರಳೇ ಪ್ರಾಣಿಯ ಮೇಲೆ ಬೀಳುತ್ತದೆ. ಈ ಕೆಲಸಕ್ಕೆ ಹೆಚ್ಚಿನ ಫೋನುಗಳು ಬಳಸುವುದು ಅಗಲ ನೋಟದ ಲೆನ್ಸನ್ನು. ಹಾಗಾಗಿ ಮೂಗು ದಪ್ಪಗಾಗಿ ಮೈ ಹಿಂದಕ್ಕೆ ಸಣ್ಣಗೆ ಜಾರಿದಂತೆ ಕಾಣುತ್ತದೆ. ಫೋನಿಗೆ ಸಿಕ್ಕಿಸುವ ಅಗ್ಗದ ಮ್ಯಾಕ್ರೊ ಲೆನ್ಸುಗಳದೂ ಇದೇ ಹಣೆಬರಹ, ಜೊತೆಗೆ ಅಂಚುಗಳು ಮಸುಕು.

ಕೈಯಲ್ಲಿರುವುದು ಫೋನೊಂದೇ ಎಂದರೆ ಒಂದು ಮೊಳ ಹಿಂದೆ ಸರಿದು 2 ಪಟ್ಟು ಅಥವಾ 3 ಪಟ್ಟಿನ ಝೂಮ್ ಬಳಸಿ. ಗೆಕ್ಕೋದ ಕಣ್ಣಿನ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಅಲ್ಲೇ ನಿಲ್ಲಿಸಿ. ತೀರ ಹತ್ತಿರ ಹೋದರೆ ಕೆಲವು ಫೋನುಗಳು ನಮ್ಮನ್ನು ಕೇಳದೆಯೇ ಬೇರೆ ಲೆನ್ಸಿಗೆ ಬದಲಾಯಿಸಿಕೊಳ್ಳುತ್ತವೆ. ಚಿತ್ರ ತಟ್ಟನೆ ಹಾರಿದಂತಾದರೆ ನಾಲ್ಕು ಬೆರಳು ಹಿಂದೆ ಬನ್ನಿ. ಮುಖವೊಂದೇ ಚಿತ್ರ ತುಂಬುವುದಿಲ್ಲ, ನಿಜ. ಆದರೆ ಇಡೀ ಪ್ರಾಣಿ, ಅದರ ಕಾಲ ಕೆಳಗಿನ ಕಲ್ಲು, ಹಿಂದಿನ ಕತ್ತಲೆ ಎಲ್ಲವೂ ಸೇರಿ ಚಿತ್ರಕ್ಕೊಂದು ಜಾಗ ಸಿಗುತ್ತದೆ. ಮಕ್ಕಳು ತೆಗೆದ ಒಳ್ಳೆಯ ಚಿತ್ರಗಳೆಲ್ಲ ನಮ್ಮ ಮನೆಯಲ್ಲಿ ಹೀಗೇ ಬಂದವು.

ಒಂದು ಗೇಣಿನ ದೂರ: ಕ್ಯಾಮೆರಾದ ಮೂರು ದಾರಿಗಳು

ಬೆಳೆದ ಲೆಪರ್ಡ್ ಗೆಕ್ಕೋ ಮೂಗಿನಿಂದ ಬಾಲದ ತುದಿಗೆ 20ರಿಂದ 25 ಸೆಂಟಿಮೀಟರ್. ತಲೆ ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು. ಅಂದರೆ ಇರುವೆ, ಜೇಡಗಳಿಗೆ ಬೇಕಾಗುವಷ್ಟು ಹಿಗ್ಗಿಸುವ ಶಕ್ತಿ ಇಲ್ಲಿ ಬೇಕಿಲ್ಲ. ಕ್ಯಾಮೆರಾದೊಳಗೆ ಚಿತ್ರ ಮೂಡುವ ಸೆನ್ಸರಿನ ಮೇಲೆ ಅರ್ಧ ಗಾತ್ರದಲ್ಲಿ, ಅಂದರೆ ನಿಜ ಅಳತೆಯ ಅರ್ಧದಷ್ಟಾಗಿ, ಬಿದ್ದರೂ ಮುಖ ಚಿತ್ರವನ್ನು ಚೆನ್ನಾಗಿ ಆವರಿಸುತ್ತದೆ. ಇದು ತಿಳಿಯದೆ ತುಂಬ ಜನ ಬೇಡದ ಲೆನ್ಸಿಗೆ ಹಣ ಸುರಿಯುತ್ತಾರೆ.

ಎಲ್ಲಕ್ಕಿಂತ ಅಗ್ಗದ್ದು ಎಕ್ಸ್‌ಟೆನ್ಷನ್ ಟ್ಯೂಬ್. ಒಳಗೆ ಗಾಜೇ ಇಲ್ಲದ ಬಳೆಯಂಥ ಕೊಳವೆ. ಲೆನ್ಸಿಗೂ ಕ್ಯಾಮೆರಾಗೂ ನಡುವೆ ಇಟ್ಟರೆ ಲೆನ್ಸ್ ಇನ್ನಷ್ಟು ಹತ್ತಿರದಿಂದ ನೋಡಬಲ್ಲದು. 50 ಮಿಲಿಮೀಟರ್ ನಾಭಿದೂರದ ಲೆನ್ಸಿಗೆ 25 ಮಿಲಿಮೀಟರ್ ಉದ್ದದ ಟ್ಯೂಬ್ ಹಾಕಿದರೆ ಅರ್ಧ ಗಾತ್ರಕ್ಕೆ ತಲುಪುತ್ತೇವೆ. ಆದರೆ ಆಗ ಲೆನ್ಸಿನ ಮೂತಿ ಗೆಕ್ಕೋದಿಂದ ಅರ್ಧ ಗೇಣಷ್ಟೇ ದೂರ. ಬೆಲ್ಲ ಸಹಿಸಿಕೊಳ್ಳುತ್ತದೆ, ಹುಣಸೆ ಲೆನ್ಸಿನ ಮೇಲೆಯೇ ಹಾರಿ ಕೂರುತ್ತದೆ.

ಎರಡನೆಯದು ಝೂಮ್ ಲೆನ್ಸಿನ ಮುಂದೆ ಸಿಕ್ಕಿಸುವ ಕ್ಲೋಸ್‌ಅಪ್ ಗಾಜು. ಹೆಚ್ಚು ಬಳಕೆಯಲ್ಲಿರುವುದು ರೇನಾಕ್ಸ್ ಕಂಪನಿಯ ಡಿಸಿಆರ್ 150 ಮತ್ತು ಡಿಸಿಆರ್ 250. ಮೊದಲನೆಯದರ ಶಕ್ತಿ 4.8 ಡಯಾಪ್ಟರ್, ಎರಡನೆಯದರದು 8. ಎಲ್ಲರೂ ಹೊಗಳುವುದು 250ನ್ನು, ಏಕೆಂದರೆ ಕೀಟ ತೆಗೆಯುವವರಿಗೆ ಅದೇ ಬೇಕು. ಆದರೆ 250 ಹಾಕಿದರೆ 12 ಸೆಂಟಿಮೀಟರಿನ ಆಸುಪಾಸಿನಲ್ಲಿ ನಿಲ್ಲಬೇಕು; 150 ಹಾಕಿದರೆ ಸುಮಾರು 20 ಸೆಂಟಿಮೀಟರ್, ಅಂದರೆ ಸರಿಯಾಗಿ ಒಂದು ಗೇಣು. ಝೂಮನ್ನು 100 ಮಿಲಿಮೀಟರಿಗೆ ಇಟ್ಟರೆ ಅರ್ಧ ಗಾತ್ರ, 200ಕ್ಕೆ ಇಟ್ಟರೆ ಹತ್ತಿರ ಹತ್ತಿರ ಪೂರ್ತಿ ಗಾತ್ರ. ನಾವು ಕೂತ ಜಾಗದಿಂದ ಅಲ್ಲಾಡಬೇಕಿಲ್ಲ, ಝೂಮ್ ತಿರುಗಿಸಿದರೆ ಸಾಕು. ಹಳೆಯ ಡಿಎಸ್‌ಎಲ್‌ಆರ್ ಮತ್ತು 55–250ರಂಥ ಲೆನ್ಸ್ ಕಪಾಟಿನಲ್ಲಿ ಬಿದ್ದಿರುವವರು ಬೇರೇನೂ ಯೋಚಿಸದೆ 150ನ್ನು ಕೊಳ್ಳಿ. ನಾನು ಮೂರು ವರ್ಷ ಇದರಲ್ಲೇ ತೆಗೆದೆ. ನನಗೆ ಅದು ನೂರು ಡಾಲರಿನ ಒಳಗೆ ಸಿಕ್ಕಿತ್ತು.

ಮೂರನೆಯದು ನಿಜವಾದ ಮ್ಯಾಕ್ರೊ ಲೆನ್ಸ್. ಇಲ್ಲಿ 60 ಮಿಲಿಮೀಟರಿಗೂ 100 ಮಿಲಿಮೀಟರಿಗೂ ನಡುವೆ ಆರಿಸಬೇಕಾಗುತ್ತದೆ. 60 ಹಗುರ, ಬೆಲೆ ಕಡಿಮೆ; ಪೂರ್ತಿ ಗಾತ್ರಕ್ಕೆ ಹೋದಾಗ ಲೆನ್ಸಿನ ತುದಿಯಿಂದ ಸುಮಾರು 9 ಸೆಂಟಿಮೀಟರ್ ಉಳಿಯುತ್ತದೆ. 100ರಲ್ಲಿ 14ರ ಆಸುಪಾಸು; ಅರ್ಧ ಗಾತ್ರಕ್ಕೆ ಇಳಿದರೆ ಒಂದು ಗೇಣು ಧಾರಾಳವಾಗಿ ಸಿಗುತ್ತದೆ. ಆ ಐದು ಸೆಂಟಿಮೀಟರಿನ ವ್ಯತ್ಯಾಸದಲ್ಲೇ ಫ್ಲ್ಯಾಶಿನ ಬೆಳಕು ಒಳಗೆ ಬರಬೇಕು, ಪ್ರಾಣಿಗೂ ನೆಮ್ಮದಿ ಇರಬೇಕು. 90ರಿಂದ 105ರ ನಡುವಿನ ಯಾವುದಾದರೂ ಹಳೆಯ ಲೆನ್ಸ್ ಸಾಕು, ಕೈ ಬದಲಾಯಿಸಿದ್ದಾದರೂ ಅಡ್ಡಿಯಿಲ್ಲ. ಈ ಕೆಲಸದಲ್ಲಿ ಲೆನ್ಸಿನ ನಡುಕ ತಡೆಯುವ ವ್ಯವಸ್ಥೆಯಿಂದ ಹೆಚ್ಚಿನ ಲಾಭವಿಲ್ಲ, ಅದಕ್ಕಾಗಿ ಹೆಚ್ಚು ಹಣ ಕೊಡಬೇಡಿ. ಆ ಹಣ ಬೆಳಕಿಗೆ ಬೇಕಾಗುತ್ತದೆ.

ಬೆಳಕು: ಕಿಟಕಿ, ಎಲ್‌ಇಡಿ, ಫ್ಲ್ಯಾಶ್

ಬೆಳಕೇಕೆ ಅಷ್ಟು ಮುಖ್ಯ ಎಂಬುದಕ್ಕೆ ಒಂದು ಲೆಕ್ಕ. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ, ಅರ್ಧ ಗಾತ್ರದ ಚಿತ್ರದಲ್ಲಿ, ಲೆನ್ಸಿನ ಬೆಳಕಿನ ಕಂಡಿಯನ್ನು ಎಫ್ 8ಕ್ಕೆ ಇಟ್ಟಾಗ (ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಂಡಿ ಕಿರಿದು) ಸ್ಪಷ್ಟವಾಗಿ ಬರುವ ಆಳ ಮೂರು ಮಿಲಿಮೀಟರೂ ಇಲ್ಲ. ಪೂರ್ತಿ ಗಾತ್ರದಲ್ಲಿ ಒಂದೇ ಮಿಲಿಮೀಟರ್. ಕಣ್ಣು ಸ್ಪಷ್ಟವಾದರೆ ಮೂಗು ಮಂಜು. ಆದ್ದರಿಂದ ಎಫ್ 8, ಎಫ್ 11ಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಅಷ್ಟು ಕಿರಿದಾದ ಕಂಡಿಯಲ್ಲಿ ಕೋಣೆಯ ದೀಪ ಏನೇನೂ ಸಾಲದು.

ಇನ್ನೊಂದು ಕಡೆ, ಇವು ಇರುಳಿನ ಕಣ್ಣುಗಳು. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಸಂಶೋಧಕರು 2004ರಲ್ಲಿ ಹೆಲ್ಮೆಟ್ ಗೆಕ್ಕೋಗಳನ್ನು ಪರೀಕ್ಷಿಸಿದರು. ನಮಗೆ ಬಣ್ಣವೇ ಕಾಣದಂಥ ಮಂದ ಬೆಳದಿಂಗಳಿನ ಮಟ್ಟದಲ್ಲೂ ಅವು ನೀಲಿಯನ್ನು ಬೂದು ಬಣ್ಣದಿಂದ ಬೇರ್ಪಡಿಸಿ ಗುರುತಿಸಿದವು. ಬಣ್ಣ ಗುರುತಿಸುವ ಕನಿಷ್ಠ ಬೆಳಕಿನಲ್ಲಿ ಅವುಗಳ ಕಣ್ಣು ಮನುಷ್ಯರ ಕಣ್ಣಿಗಿಂತ 350 ಪಟ್ಟು ಸೂಕ್ಷ್ಮ ಎಂಬುದು ಅವರ ಲೆಕ್ಕ. ಅಂಥ ಕಣ್ಣಿನ ಮುಂದೆ ಪ್ರಖರ ದೀಪ ಹಚ್ಚಿ ಕಾಲು ಗಂಟೆ ಕೂರುವುದು ಎಂದರೇನು ಎಂದು ಯೋಚಿಸಿ ನೋಡಿ.

ಕಿಟಕಿಯ ಬೆಳಕು ಎಲ್ಲಕ್ಕಿಂತ ಸೌಮ್ಯ. ಬೆಲ್ಲ ಬೆಳಗ್ಗೆ ತನ್ನ ಕಲ್ಲಿನ ಮೇಲೆ ಹೊಟ್ಟೆ ಚಾಚಿ ಮಲಗಿದಾಗ ಉತ್ತರದ ಕಿಟಕಿಯ ಪರದೆ ಸರಿಸಿ ತೆಗೆದ ಚಿತ್ರಗಳು ನನಗೆ ಬಹಳ ಪ್ರಿಯ. ಆದರೆ ಅದರಲ್ಲಿ ಮಲಗಿದ ಗೆಕ್ಕೋ ಮಾತ್ರ ಬರುತ್ತದೆ, ನಡೆಯುವ ಗೆಕ್ಕೋ ಬರುವುದಿಲ್ಲ. ಗಾಜಿನ ಪೆಟ್ಟಿಗೆಯನ್ನು ಮಾತ್ರ ಬಿಸಿಲಿಗೆ ಸರಿಸಬೇಡಿ. ಒಳಗಿನ ಶಾಖ ಬೇಗನೆ ಏರಿಬಿಡುತ್ತದೆ. ಕ್ರೆಸ್ಟೆಡ್ ಗೆಕ್ಕೋಗೆ 28 ಡಿಗ್ರಿ ಸೆಲ್ಸಿಯಸ್ ದಾಟಿದರೇ ಕಷ್ಟ.

ಎಲ್‌ಇಡಿ ಫಲಕದ ದೊಡ್ಡ ಅನುಕೂಲವೆಂದರೆ ಚಿತ್ರ ಹೇಗೆ ಬರುತ್ತದೆಂದು ಮೊದಲೇ ಕಾಣುತ್ತದೆ, ವಿಡಿಯೊಗೂ ಆಗುತ್ತದೆ. ಫೋನ್ ಬಳಸುವವರಿಗೆ ಇದೇ ಸರಿ: ಮಂದವಾಗಿಟ್ಟು, ಪಕ್ಕದ ಬಿಳಿ ರಟ್ಟಿಗೆ ಹಾಯಿಸಿ, ಅಲ್ಲಿಂದ ತಿರುಗಿ ಬಂದ ಬೆಳಕನ್ನು ಬಳಸಿ. ಎಫ್ 11ಕ್ಕೆ ಸಾಲುವಷ್ಟು ಏರಿಸಿದರೆ ಕಣ್ಣಿನ ಪಾಪೆ ದಾರದ ಎಳೆಯಷ್ಟು ತೆಳ್ಳಗಾಗುತ್ತದೆ, ಪ್ರಾಣಿ ಮುಖ ತಿರುಗಿಸಿಕೊಳ್ಳುತ್ತದೆ. ಅಗ್ಗದ ದೀಪಗಳಿಗೆ ಮಿನುಗುವ ದೋಷವೂ ಇದೆ. ಚಿತ್ರದಲ್ಲಿ ಅಡ್ಡಪಟ್ಟಿಗಳು ಬಂದರೆ ಇಲ್ಲಿ ಅಮೆರಿಕದಲ್ಲಿ ಶಟರನ್ನು ಸೆಕೆಂಡಿನ 60ನೆಯ ಅಥವಾ 120ನೆಯ ಒಂದು ಭಾಗಕ್ಕೆ, ಭಾರತದಲ್ಲಾದರೆ 50ನೆಯ ಅಥವಾ 100ನೆಯ ಒಂದು ಭಾಗಕ್ಕೆ ಇಡಬೇಕು. ಎರಡು ದೇಶಗಳ ವಿದ್ಯುತ್ತಿನ ಆವರ್ತನ ಬೇರೆ ಬೇರೆ. ಉಂಗುರದಂಥ ರಿಂಗ್ ಲೈಟ್ ಬೇಡವೇ ಬೇಡ. ಗೆಕ್ಕೋದ ಕಣ್ಣು ಕನ್ನಡಿಯ ಹಾಗೆ. ಪಾಪೆಯ ಮೇಲೆ ಬಿಳಿ ಬಳೆಯೊಂದು ಕೂತುಬಿಡುತ್ತದೆ.

ನನ್ನ ಆಯ್ಕೆ ಫ್ಲ್ಯಾಶ್, ಅದೂ ದೊಡ್ಡ ಮುಸುಕು ಹಾಕಿದ ಫ್ಲ್ಯಾಶ್. ಅದರ ಬೆಳಕು ಇರುವುದು ಸೆಕೆಂಡಿನ ಕೆಲವು ಸಾವಿರದಲ್ಲೊಂದು ಭಾಗ. ಕೈ ನಡುಗಿದರೂ ಪ್ರಾಣಿ ಅಲ್ಲಾಡಿದರೂ ಚಿತ್ರ ನಿಲ್ಲುತ್ತದೆ. ಕತ್ತಲಲ್ಲಿ ಹಿಗ್ಗಿದ ಪಾಪೆಗೆ ಒಮ್ಮೆಲೇ ಫ್ಲ್ಯಾಶ್ ಹೊಡೆಯಬಾರದು. ಕೋಣೆಯ ದೀಪ ಹಚ್ಚಿ ಐದು ನಿಮಿಷ ಬಿಟ್ಟರೆ ಪಾಪೆ ತಾನೇ ಕಿರಿದಾಗುತ್ತದೆ, ಕಣ್ಣಿನ ಬಣ್ಣದ ಬಲೆಯೂ ಆಗಲೇ ಅರಳಿ ಕಾಣುವುದು. ಒಂದು ಸಲಕ್ಕೆ ಹತ್ತು–ಹನ್ನೆರಡು ಚಿತ್ರ, ಅಷ್ಟೇ. ಆಲ್ಬಿನೊ ತಳಿಯ ಗೆಕ್ಕೋ ಸಾಕಿರುವವರು ಫ್ಲ್ಯಾಶ್ ಬಿಟ್ಟು ಕಿಟಕಿಯನ್ನೇ ನಂಬಿ. ಅವಕ್ಕೆ ಬೆಳಕು ತೀರ ಆಗಿಬರುವುದಿಲ್ಲ.

ಮುಸುಕಿಗೆ ಹಣ ಕೊಡಬೇಕಿಲ್ಲ. ನನ್ನದು ದೀಪಾವಳಿಗೆ ಬಂದ ಸೋನ್‌ಪಾಪಡಿಯ ರಟ್ಟಿನ ಡಬ್ಬಿ. ಒಂದು ಬದಿ ಪೂರ್ತಿ ಕತ್ತರಿಸಿ, ಒಳಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿ, ಬಾಯಿಗೆ ಎರಡು ಪದರ ಬಟರ್ ಪೇಪರ್ ಎಳೆದು ಕಟ್ಟಿದೆ. ಫ್ಲ್ಯಾಶಿನ ತಲೆ ಹಿಂಬದಿಯ ಕಂಡಿಯಲ್ಲಿ ಕೂರುತ್ತದೆ. ಡಬ್ಬಿ ಲೆನ್ಸಿನ ಮೇಲೆ, ತುಸು ಮುಂದಕ್ಕೆ ಚಾಚಿಕೊಂಡಿರುತ್ತದೆ. ಪ್ರಾಣಿಗೆ ಹೋಲಿಸಿದರೆ ಬೆಳಕಿನ ಮೂಲ ಎಷ್ಟು ದೊಡ್ಡದೋ ನೆರಳು ಅಷ್ಟು ಮೃದು. ಬರಿಯ ಫ್ಲ್ಯಾಶಿನಲ್ಲಿ ಬೆಲ್ಲನ ಒಂದೊಂದು ಗುಳ್ಳೆಯೂ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಡಬ್ಬಿಯ ಬೆಳಕಿನಲ್ಲಿ ಚರ್ಮ ಚರ್ಮದ ಹಾಗೆ ಕಾಣುತ್ತದೆ. ಶಟರ್ ಸೆಕೆಂಡಿನ 200ನೆಯ ಒಂದು ಭಾಗ, ಎಫ್ 11, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 200, ಫ್ಲ್ಯಾಶ್ ಹದಿನಾರನೆಯ ಒಂದು ಭಾಗದ ಶಕ್ತಿಯಲ್ಲಿ: ಇಲ್ಲಿಂದ ಆರಂಭಿಸಿ ಹೆಚ್ಚುಕಡಿಮೆ ಮಾಡಿಕೊಳ್ಳಿ. ಇದರಲ್ಲಿ ಇನ್ನೊಂದು ಲಾಭವೂ ಇದೆ. ಶಾಖದ ದೀಪದ ಕೆಂಪು, ಟ್ಯೂಬಿನ ಹಸಿರು ಯಾವುದೂ ಚಿತ್ರಕ್ಕೆ ಇಳಿಯುವುದಿಲ್ಲ, ಹಾಗಾಗಿ ಅವನ್ನು ಆರಿಸಬೇಕಾಗಿಲ್ಲ.

ಹೋದ ಚಳಿಗಾಲದ ಒಂದು ರಾತ್ರಿ ಹುಣಸೆ ಬಿದಿರಿನ ತುಂಡಿನ ಮೇಲೆ ಕೂತಿತ್ತು, ನಾನು ಒಂದು ಗೇಣು ಹಿಂದೆ. ಆಗಷ್ಟೇ ನೀರು ಚಿಮುಕಿಸಿದ್ದೆ. ಒಂದು ಹನಿ ಸರಿಯಾಗಿ ಬಲಗಣ್ಣಿನ ಮೇಲೆ ನಿಂತಿತ್ತು. ತಲೆ ಓರೆ ಮಾಡಿತು. ತೆಳು ಗುಲಾಬಿ ನಾಲಗೆ ಹೊರಬಂದು, ತುದಿ ಅಗಲವಾಗಿ, ಮೂಗಿನ ಪಕ್ಕದಿಂದ ಮೇಲೇರಿ ಕಣ್ಣನ್ನು ನಿಧಾನವಾಗಿ ಸವರಿತು. ಹನಿ ಹೋಯಿತು. ಚಿತ್ರದಲ್ಲಿ ಆ ಹನಿಯ ಅರ್ಧ ಇನ್ನೂ ಕಣ್ಣಿನ ಮೇಲಿದೆ, ಅರ್ಧ ನಾಲಗೆಯ ಮೇಲಿದೆ. ಎರಡು ಬೆರಳಿನ ದೂರದಲ್ಲಿ ನಾನಿದ್ದಿದ್ದರೆ ಅದು ಹಾಗೆ ನಿರಾಳವಾಗಿ ಕಣ್ಣೊರೆಸಿಕೊಳ್ಳುತ್ತಲೇ ಇರಲಿಲ್ಲ.

ಗಾಜಿನ ಮೂಲಕವೇ, ಹೊರಗೆ ತೆಗೆದೇ?

ಲೆಪರ್ಡ್ ಗೆಕ್ಕೋಗೆ ಮೇಜಿನ ಮೇಲೊಂದು ಸಣ್ಣ ರಂಗ ಕಟ್ಟಬಹುದು: ಅಗಲದ ತಟ್ಟೆ, ಅದರಲ್ಲಿ ಬೂದು ಬಣ್ಣದ ಒರಟು ಕಲ್ಲಿನ ಚಪ್ಪಡಿ, ಹಿಂದೆ ಒಂದು ಮೊಳ ದೂರದಲ್ಲಿ ಕಡುಹಸಿರು ಅಥವಾ ಕಂದು ಬಟ್ಟೆ. ಚಪ್ಪಡಿಯನ್ನು ಮೊದಲು ಅದರ ಬೆಚ್ಚನೆಯ ಜಾಗದಲ್ಲೇ ಸ್ವಲ್ಪ ಹೊತ್ತು ಇಟ್ಟಿರಿ; ತಣ್ಣನೆಯ ಕಲ್ಲಿನ ಮೇಲೆ ಬೆಲ್ಲ ನಿಲ್ಲುವುದೇ ಇಲ್ಲ. ಮೇಜಿನ ಅಂಚಿಗೆ ಇನ್ನೊಬ್ಬರು ಕೈ ಚಾಚಿಕೊಂಡು ನಿಂತಿರಲಿ. ನೀವು ನೆಲದ ಮೇಲೆ ಕೂತರೆ ಲೆನ್ಸ್ ಸರಿಯಾಗಿ ಅದರ ಕಣ್ಣಿನ ಎತ್ತರಕ್ಕೆ ಬರುತ್ತದೆ. ಮೇಲಿನಿಂದ ತೆಗೆದ ಗೆಕ್ಕೋ ಬರಿಯ ಹಲ್ಲಿ. ಕಣ್ಣಿನ ಎತ್ತರದಿಂದ ತೆಗೆದ ಗೆಕ್ಕೋಗೆ ಒಂದು ಮುಖವಿರುತ್ತದೆ. ಕೈಯ ಮೇಲೆ ಕೂರಿಸಿ ತೆಗೆಯುವುದು ಗಾತ್ರ ತೋರಿಸಲು ಚೆನ್ನ, ಅದರಾಚೆಗೆ ಹೆಚ್ಚೇನೂ ಸಿಗುವುದಿಲ್ಲ.

ಗಾಜಿನ ಮೂಲಕ ತೆಗೆಯುವುದಾದರೆ ಹೊರಗಿನ ಗಾಜನ್ನು ಒದ್ದೆ ಬಟ್ಟೆಯಿಂದ ಒರೆಸಿ, ಲೆನ್ಸಿಗೆ ರಬ್ಬರ್ ಹುಡ್ ಹಾಕಿ ಅದನ್ನು ಗಾಜಿಗೆ ಒತ್ತಿಹಿಡಿಯಿರಿ. ಓರೆಯಾಗಿ ಹಿಡಿದರೆ ಚಿತ್ರ ಮಸುಕಾಗುತ್ತದೆ, ನೇರವಾಗಿಯೇ ಇರಲಿ. ಫ್ಲ್ಯಾಶ್ ಮಾತ್ರ ಕ್ಯಾಮೆರಾದಿಂದ ಬೇರ್ಪಟ್ಟು ಪೆಟ್ಟಿಗೆಯ ಮೇಲಿರಬೇಕು, ಮುಚ್ಚಳದ ಜಾಲರಿಯ ಮೇಲೆ ಬಟರ್ ಪೇಪರ್ ಹಾಸಿ. ಹಾಗೆ ಮಾಡದಿದ್ದರೆ ಜಾಲರಿಯ ನೆರಳು ಪ್ರಾಣಿಯ ಮೈಮೇಲೆ ಚೌಕಳಿ ಬರೆಯುತ್ತದೆ. ತೆಗೆದಾದ ಕೂಡಲೇ ಕಾಗದ ತೆಗೆಯಿರಿ. ಶಾಖದ ದೀಪದ ಕೆಳಗೆ ಅದನ್ನು ಬಿಡಬಾರದು. ಕ್ರೆಸ್ಟೆಡ್ ಗೆಕ್ಕೋ ಗಾಜಿಗೆ ಅಂಟಿ ಕೂತರೆ ಅದರ ಪಾದದ ಅಡಿಭಾಗ, ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಜೋಡಿಸಿದ ಪಟ್ಟಿಗಳು, ನೇರ ಕಣ್ಣೆದುರಿಗೆ ಬರುತ್ತವೆ. ಆ ಚಿತ್ರಕ್ಕೆ ಗಾಜು ಬೇಕೇ ಬೇಕು.

ಬೇರೆ ಬೇರೆ ಕಡೆ ಫೋಕಸ್ ಮಾಡಿದ ಹಲವು ಚಿತ್ರಗಳನ್ನು ಸೇರಿಸಿ ಒಂದು ಮಾಡುವ ಫೋಕಸ್ ಸ್ಟ್ಯಾಕಿಂಗ್ ಬಗ್ಗೆ ಕೇಳುವವರಿದ್ದಾರೆ. ಅದಕ್ಕೆ ಪ್ರಾಣಿ ಒಂದಿಷ್ಟೂ ಅಲ್ಲಾಡಬಾರದು. ಮಲಗಿದ ಲೆಪರ್ಡ್ ಗೆಕ್ಕೋ ಕೂಡ ಉಸಿರಾಡುತ್ತದೆ, ಗಂಟಲು ಮಿಡಿಯುತ್ತಲೇ ಇರುತ್ತದೆ. ನಾನು ಅದನ್ನು ಕೈಬಿಟ್ಟೆ.

ಗೆಕ್ಕೋ ಸಾಕದವರಿಗೆ

ಊರಿನ ಗೆಳೆಯರು ಈ ಚಿತ್ರಗಳನ್ನು ನೋಡಿ ತಮಗೂ ಒಂದು ಗೆಕ್ಕೋ ಬೇಕು ಎನ್ನುತ್ತಾರೆ. ಭಾರತದಲ್ಲಿ 2022ರ ವನ್ಯಜೀವಿ ಸಂರಕ್ಷಣಾ ತಿದ್ದುಪಡಿ ಕಾಯ್ದೆಯ ನಂತರ ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಪಟ್ಟಿಯಲ್ಲಿರುವ ವಿದೇಶಿ ಜೀವಿಗಳನ್ನು ಸಾಕಲು ನೋಂದಣಿ ಕಡ್ಡಾಯ. ಕಾಡಿನಿಂದ ಹಿಡಿದು ತರುವ ಮಾತಂತೂ ಎತ್ತಲೇಬಾರದು. ಈಶಾನ್ಯ ಭಾರತದ ಟೋಕೆ ಗೆಕ್ಕೋ ಇಂಥ ಕಳ್ಳಸಾಗಣೆಯಿಂದಲೇ ನಲುಗಿದೆ, 2019ರಲ್ಲಿ ಅದೂ ಸೈಟಿಸ್ ಪಟ್ಟಿಗೆ ಸೇರಿತು.

ಅವರಿಗೆ ನಾನು ಹೇಳುವುದು, ಅಡುಗೆಮನೆಯ ಟ್ಯೂಬ್‌ಲೈಟಿನ ಪಕ್ಕ ನೋಡಿ ಎಂದು. ಇಲ್ಲಿ ಡಾಲಸ್ಸಿನಲ್ಲೂ ಬೇಸಿಗೆಯ ರಾತ್ರಿ ಹೊರಬಾಗಿಲಿನ ದೀಪದ ಸುತ್ತ ಮೆಡಿಟರೇನಿಯನ್ ಮೂಲದ ಮನೆಹಲ್ಲಿಗಳು ಬಂದು ಕೂರುತ್ತವೆ. ಅವೂ ನಮ್ಮ ಗೋಡೆಯ ಹಲ್ಲಿಗಳೂ ಒಂದೇ ಹೆಮಿಡ್ಯಾಕ್ಟೈಲಸ್ ಕುಲದವು. ಅವಕ್ಕೆ ಒಂದು ಗೇಣೂ ಸಾಲದು, ಎರಡು ಮೊಳ ಬಿಡಬೇಕು. ಝೂಮ್ ಲೆನ್ಸನ್ನು 200–250ಕ್ಕೆ ಇಟ್ಟು, ಕ್ಲೋಸ್‌ಅಪ್ ಗಾಜು ತೆಗೆದು, ಅದೇ ಡಬ್ಬಿಯ ಫ್ಲ್ಯಾಶನ್ನು ಒಂದು ಪಕ್ಕದಿಂದ ಹಿಡಿಯಿರಿ. ಸುಣ್ಣದ ಗೋಡೆ ತೀರ ಬಿಳಿಯಾದ್ದರಿಂದ ಕ್ಯಾಮೆರಾ ಮೋಸಹೋಗಿ ಹಲ್ಲಿಯನ್ನು ಕಪ್ಪಾಗಿಸುತ್ತದೆ, ಫ್ಲ್ಯಾಶಿನ ಶಕ್ತಿಯನ್ನು ಒಂದು ಹಂತ ಏರಿಸಿಕೊಳ್ಳಿ. ಅದು ಹುಳುವಿನ ಮೇಲೆ ಕಣ್ಣಿಟ್ಟು ಬಾಲದ ತುದಿ ಅಲ್ಲಾಡಿಸಲು ಆರಂಭಿಸಿದಾಗ ಬೆರಳು ಗುಂಡಿಯ ಮೇಲಿರಲಿ.